ಅರ್ಧ ಅಳಿಸಿದ ಹೆಸರು

ಹಡಗಿನ ಹಿಂಬದಿಯ ಫೋಟೋ ನನ್ನ ಫೋನಿಗೆ ಬಂದಾಗ ನಾನು ಶಿಗ್ಗಾಂವದ ಗಿರಣಿಯಲ್ಲಿ ಜೋಳದ ಚೀಲ ಹಿಡಿದು ಪಾಳಿಯಲ್ಲಿ ನಿಂತಿದ್ದೆ. ಬೆಳಗಿನ ಎಂಟು ಗಂಟೆ. ಆ ಹಡಗಿನಿಂದ ಇಳಿದು ಮನೆಗೆ ಬಂದು ಹನ್ನೆರಡು ದಿನವಾಗಿತ್ತು. ಫೋಟೋದ ಕೆಳಗೆ ಒಂದೇ ಸಾಲು ಇತ್ತು: ‘ಇದು ನಮ್ಮ ಹಡಗೇನಾ?’ ಕಳಿಸಿದವರು ನಮ್ಮ ಕಂಪನಿಯ ಮುಂಬಯಿ ಕಚೇರಿಯ ಸೂಪರಿಂಟೆಂಡೆಂಟ್. ತಮ್ಮ ಹಡಗನ್ನು ತಾವೇ ಗುರುತಿಸಲಾಗದೆ ಗಿರಣಿಯಲ್ಲಿ ನಿಂತವನನ್ನು ಕೇಳುತ್ತಿದ್ದಾರಲ್ಲ ಎಂದು ಮೊದಲು ನಗು ಬಂತು.

ನಾನು ಸರಕು ಹಡಗಿನಲ್ಲಿ ಚೀಫ್ ಆಫೀಸರ್. ಕ್ಯಾಪ್ಟನ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಡೆಕ್ಕು, ಸರಕು, ಹಡಗಿನ ಹೊರಮೈಯ ಬಣ್ಣ, ಅದರ ಮೇಲಿನ ಬರಹ ಎಲ್ಲ ನನ್ನ ಪಾಲಿನ ಕೆಲಸ. ಮುಂದಿನ ಸಲ ಹತ್ತುವಾಗ ಕ್ಯಾಪ್ಟನ್ ಆಗಿಯೇ ಹತ್ತುವಿರಿ ಎಂದು ಕಚೇರಿಯವರು ಹೇಳಿ ಕಳಿಸಿದ್ದರು. ಆ ಸುದ್ದಿಯನ್ನು ನಾನು ಹನ್ನೆರಡು ದಿನದಲ್ಲಿ ಅರ್ಧ ಶಿಗ್ಗಾಂವಕ್ಕೆ ಹೇಳಿ ಮುಗಿಸಿದ್ದೆ.

ಫೋಟೋ ದೊಡ್ಡದು ಮಾಡಿ ನೋಡಿದೆ. ಮೇಲಿನಿಂದ ಡ್ರೋನ್ ತೆಗೆದದ್ದು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿತ್ತು. ಕಪ್ಪು ಬಣ್ಣದ ಮೇಲೆ ಬಿಳಿಯಲ್ಲಿ ಹಡಗಿನ ಹೊಸ ಹೆಸರು ಚೆನ್ನಾಗಿ ಕಾಣುತ್ತಿತ್ತು. ಅದರ ಮೇಲ್ಗಡೆ, ಬರೀ ಕಪ್ಪು ಇರಬೇಕಾದ ಜಾಗದಲ್ಲಿ, ಒಂದು ಶಬ್ದ ಉಬ್ಬಿಕೊಂಡು ಸಣ್ಣಗೆ ನೆರಳು ಚೆಲ್ಲಿತ್ತು. ನಗು ಅಲ್ಲಿಗೇ ನಿಂತಿತು. ಆ ಶಬ್ದ ಅಲ್ಲಿ ಯಾಕಿದೆ ಎಂಬುದು ಇಡೀ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. ಒಬ್ಬ ನಾನು. ಇನ್ನೊಬ್ಬರು ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದ ನಮ್ಮ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ.

ಸೂಪರಿಂಟೆಂಡೆಂಟ್ ಫೋನ್ ಮಾಡಿ ವಿಷಯ ಹೇಳಿದರು. ಎರಡು ದೇಶಗಳ ನಡುವೆ ಯುದ್ಧ ನಡೆಯುತ್ತಿತ್ತು. ನಮ್ಮ ಹಡಗು ಎರಡರದ್ದೂ ಅಲ್ಲ. ಯಾವ ಪಕ್ಷಕ್ಕೂ ಸೇರದ ದೇಶದ ಬಾವುಟ ಹಾರಿಸಿ, ಹೊಟ್ಟೆಯ ತುಂಬ ಗೋಧಿ ತುಂಬಿಕೊಂಡು ಮೂರನೆಯ ದೇಶಕ್ಕೆ ಹೊರಟಿತ್ತು. ಅದನ್ನು ಒಂದು ಪಕ್ಷದ ಯುದ್ಧನೌಕೆ ತಡೆದಿತ್ತು. ಬಂದೂಕು ಹಿಡಿದವರು ಹಡಗು ಹತ್ತಿ ಕೂತಿದ್ದರು. ಇದು ಶತ್ರುವಿನ ಹಡಗು, ಹೆಸರು ಬದಲಿಸಿ ಸುಳ್ಳು ಕಾಗದ ಇಟ್ಟುಕೊಂಡು ಓಡಾಡುತ್ತಿದೆ ಎಂಬುದು ಅವರ ವಾದ. ನಮ್ಮ ಗಡಿಯಾರದಲ್ಲಿ ಸಂಜೆ ಐದರೊಳಗೆ ಅಲ್ಲವೆಂದು ತೋರಿಸದಿದ್ದರೆ ಹಡಗನ್ನು ತಮ್ಮ ಬಂದರಿಗೆ ಒಯ್ಯುತ್ತಾರೆ. ಹಾಗೆ ಒಯ್ದ ಹಡಗಿನ ಜನ ತಿರುಗಿ ಮನೆಗೆ ಯಾವಾಗ ಬರುತ್ತಾರೆ ಎಂದು ಹೇಳುವವರು ಯಾರೂ ಇಲ್ಲ. ಹಡಗಿನಲ್ಲಿ ಇಪ್ಪತ್ತೊಂದು ಜನ ಇದ್ದರು.

“ಹಳೆಯ ಹೆಸರನ್ನು ಪೂರ್ತಿ ಉಜ್ಜಿ ತೆಗೆಯಲಾಗಿದೆ ಎಂದು ನೀವೇ ಸಹಿ ಮಾಡಿದ ಪ್ರಮಾಣಪತ್ರ ಅವರ ಕೈಯಲ್ಲಿದೆ,” ಎಂದರು ಸೂಪರಿಂಟೆಂಡೆಂಟ್. “ಕಾಗದದಲ್ಲಿ ಇಲ್ಲದ್ದು ಹಡಗಿನ ಮೇಲಿದೆ. ಅಂದರೆ ಕಾಗದ ಬೇರೆ ಹಡಗಿನದು ಎನ್ನುತ್ತಾರೆ. ಏನಿದು?”

“ಬೋಸನ್ ಹತ್ತಿರ ಫೋಟೋ ಇರಬಹುದು, ಹೋಗಿ ನೋಡುತ್ತೇನೆ,” ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಹಿಂಬದಿಯಲ್ಲಿ ಆದದ್ದು ಇಷ್ಟು. ಆ ಹಡಗು ಮೊದಲು, ಈಗ ಅದನ್ನು ತಡೆದವರ ಶತ್ರುದೇಶದ ಕಂಪನಿಯೊಂದರದಾಗಿತ್ತು. ಅವರ ಬಳಿ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ, ಅಕ್ಕತಂಗಿಯರಂಥ ನಾಲ್ಕು ಹಡಗುಗಳಿದ್ದವು. ನಾಲ್ಕರ ಹೆಸರಿನಲ್ಲೂ ಮೊದಲ ಶಬ್ದ ಒಂದೇ, ಮನೆತನದ ಹೆಸರಿನ ಹಾಗೆ. ಎರಡನೆಯ ಶಬ್ದ ಮಾತ್ರ ಬೇರೆ ಬೇರೆ. ನಾಲ್ಕರಲ್ಲಿ ಒಂದನ್ನು ನಮ್ಮ ಕಂಪನಿ ಕೊಂಡಿತು. ಕೆಲವು ತಿಂಗಳು ಹಳೆಯ ಹೆಸರಿನಲ್ಲೇ ಓಡಿದ ಮೇಲೆ, ಈ ದಸರೆಯ ಹೊತ್ತಿಗೆ ಹೆಸರು ಬದಲಾಯಿತು, ಬಾವುಟ ಬದಲಾಯಿತು. ಉಳಿದ ಮೂರು ಇನ್ನೂ ಅವರ ಬಳಿಯೇ ಇದ್ದವು; ನಮ್ಮದು ಆ ಮೂರರಲ್ಲೊಂದು ಎಂಬುದೇ ತಡೆದವರ ಅನುಮಾನ.

ಹಡಗಿನ ಹೆಸರು ಬರೀ ಬಣ್ಣವಲ್ಲ. ಅಕ್ಷರದ ಅಂಚನ್ನು ವೆಲ್ಡಿಂಗ್ ಮಾಡಿ ಉಬ್ಬಿಸಿರುತ್ತಾರೆ, ಬಣ್ಣ ಹೋದರೂ ಗುರುತು ಉಳಿಯಲಿ ಎಂದು. ಹೆಸರು ಬದಲಾದರೆ ಆ ಉಬ್ಬನ್ನು ಗ್ರೈಂಡರ್ ಹಿಡಿದು ಉಜ್ಜಬೇಕು. ಬಂದರಿನ ಹೊರಗೆ ಲಂಗರು ಹಾಕಿದ್ದಾಗ ಮುಂಭಾಗದ ಎರಡೂ ಬದಿ ಮುಗಿಸಿದೆವು. ಹಿಂಬದಿಗೆ ಹಲಗೆ ಇಳಿಬಿಟ್ಟು ಬೋಸನ್ ಕೊನೆಯ ಅಕ್ಷರದಿಂದ ಶುರು ಮಾಡಿದರು. ಸಂಜೆಯ ಹೊತ್ತಿಗೆ ಎರಡನೆಯ ಶಬ್ದ ಹೋಯಿತು, ಮನೆತನದ ಶಬ್ದ ಉಳಿಯಿತು. ಮರುದಿನ ನವಮಿ.

ನಮ್ಮ ಕಡೆ ನವಮಿಗೆ ಖಂಡೇಪೂಜೆ, ಅಂದರೆ ಆಯುಧಪೂಜೆ. ಪೂಜೆಗೆ ಇಟ್ಟ ಹತಾರವನ್ನು ದಶಮಿಗೆ ಬನ್ನಿ ಮುಡಿಯುವವರೆಗೆ ಎತ್ತುವುದಿಲ್ಲ. ಬೋಸನ್ ಗ್ರೈಂಡರ್, ಬ್ರಷ್, ಹಲಗೆ, ಹಗ್ಗ ಎಲ್ಲವನ್ನೂ ಹಿಂಬದಿಯ ಡೆಕ್ಕಿನ ಮೇಲೆ ಸಾಲಾಗಿ ಇಟ್ಟು ವಿಭೂತಿ ಹಚ್ಚಿಬಿಟ್ಟರು. “ಒಂದ ದಿನದ ಮಾತು ಸಾಹೇಬ್ರ, ನಾಳೆ ಬನ್ನಿ ಕೊಟ್ಟು ಕೈ ಹಚ್ಚತೇನಿ,” ಅಂದರು. ಊರಿನಿಂದ ತಂದ ಒಣಗಿದ ಬನ್ನಿ ಎಲೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ನಾನು ಹೂಂ ಅಂದೆ. ನನ್ನ ಅಪ್ಪ ನವಮಿಯ ದಿನ ಕಳೆ ತೆಗೆಯುವ ಕುರ್ಪಿ ಸಹ ಮುಟ್ಟಗೊಡುತ್ತಿರಲಿಲ್ಲ.

ಅದೇ ಮಧ್ಯಾಹ್ನ ಕಚೇರಿಯಿಂದ ಒತ್ತಡ ಬಂತು. ನೋಂದಣಿ ಕಚೇರಿ ಬಾಗಿಲು ಹಾಕುವುದರೊಳಗೆ ಪ್ರಮಾಣಪತ್ರ ಬೇಕು. ನಾಳೆ ಮುಗಿಯುವ ಕೆಲಸ ತಾನೆ ಎಂದು ‘ಪೂರ್ತಿ ತೆಗೆಯಲಾಗಿದೆ’ ಎಂದು ಬರೆದು ಸಹಿ ಮಾಡಿದೆ. ಹಿಂಬದಿಯ ಡೆಕ್ಕಿನಲ್ಲಿ ಆಗ ಮಂಗಳಾರತಿ ನಡೆಯುತ್ತಿತ್ತು. ಸಹಿ ಮಾಡಿದ ಕೈಯಲ್ಲೇ ಪ್ರಸಾದ ತೆಗೆದುಕೊಂಡೆ.

ದಶಮಿಯ ಬೆಳಗ್ಗೆ ಅಲೆ ಎದ್ದಿತು. ಹಲಗೆ ಕಟ್ಟಿದರೆ ಮನುಷ್ಯ ಗೋಡೆಗೆ ಅಪ್ಪಳಿಸುವಂಥ ಅಲೆ. ಎರಡು ದಿನ ಇಳಿಯಲಿಲ್ಲ. ಬಂದರಿನೊಳಗೆ ಹೋದ ಮೇಲೆ ಬಂದರಿನವರು ಕಿಡಿ ಹಾರುವ ಯಾವ ಕೆಲಸಕ್ಕೂ ಅನುಮತಿ ಕೊಡಲಿಲ್ಲ. ಕೊನೆಗೆ ಉಳಿದ ಅಕ್ಷರಗಳ ಮೇಲೆಯೇ ಕಪ್ಪು ಬಳಿದು, ಕೆಳಗೆ ಹೊಸ ಹೆಸರು ಬರೆಸಿದೆ. ನೇರ ಬಿಸಿಲಿನಲ್ಲಿ ಏನೂ ಕಾಣುತ್ತಿರಲಿಲ್ಲ. ಓರೆ ಬಿಸಿಲನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನನ್ನ ಜಾಗಕ್ಕೆ ಬಂದವನಿಗೆ ಕೆಲಸ ಒಪ್ಪಿಸುವ ಪತ್ರದಲ್ಲೂ ಇದನ್ನು ಬರೆಯಲಿಲ್ಲ. ಬರೆದಿದ್ದರೆ ಪ್ರಮಾಣಪತ್ರ ಸುಳ್ಳೆಂದು ನಾನೇ ಒಪ್ಪಿದಂತಾಗುತ್ತಿತ್ತು.

ಜೋಳದ ಚೀಲ ಗಿರಣಿಯವರಿಗೇ ಒಪ್ಪಿಸಿ ಮೋಟಾರ್ ಸೈಕಲ್ ಹತ್ತಿದೆ. ಬೋಸನ್ ಫೋನು ಸ್ವಿಚ್ ಆಫ್ ಆಗಿತ್ತು. ಊರಿಗೆ ಬಂದರೆ ಹದಿನೈದು ದಿನ ಅವರ ಫೋನು ಟ್ರಂಕಿನಲ್ಲಿ ಮಲಗುತ್ತದೆ. ಮೊದಲು ಮನೆಗೆ ಹೋಗಿ, ಅಲ್ಲಿದ್ದ ಸವಣೂರು ಖಾರದ ತಿಂಡಿಯ ಪೊಟ್ಟಣವನ್ನು ಬರಿಗೈಲಿ ಹೋಗಬಾರದೆಂದು ಚೀಲಕ್ಕೆ ಹಾಕಿಕೊಂಡೆ. ಅಂಥ ಹೊತ್ತಿನಲ್ಲೂ ಅದು ನೆನಪಾಯಿತು. ಇನ್ನೊಂದು ಮಾತೂ ಹೇಳಿಬಿಡುತ್ತೇನೆ: ಫೋಟೋಗಿಂತ ಹೆಚ್ಚಾಗಿ, ಯಾರಾದರೂ ಕೇಳಿದರೆ ಇಬ್ಬರ ಮಾತೂ ಒಂದೇ ಇರಲಿ ಎಂದು ಹೇಳಲು ನಾನು ಹೊರಟಿದ್ದೆ.

ಹಾನಗಲ್ಲಿನ ದಾರಿಯಲ್ಲಿ ಗೋವಿನಜೋಳದ ಸುಗ್ಗಿ. ರಸ್ತೆಯ ಅರ್ಧಕ್ಕೆ ಕಾಳು ಹರವಿ, ಅಂಚಿಗೆ ಕಲ್ಲಿಟ್ಟಿದ್ದರು. ಉಳಿದ ಅರ್ಧದಲ್ಲಿ ಟ್ರ್ಯಾಕ್ಟರ್, ಬಸ್ಸು, ನಾನು. ಕಾಳಿನ ಮೇಲೆ ಗಾಲಿ ಹಾಯಿಸಿದ ಒಬ್ಬನಿಗೆ ಅಜ್ಜಿಯೊಬ್ಬಳು ಮಂಗಳಾರತಿ ಎತ್ತುತ್ತಿದ್ದಳು. ಹಾನಗಲ್ಲು ದಾಟುವಾಗ ಮತ್ತೆ ಮುಂಬಯಿಯ ಫೋನು ಬಂತು.

ಹಡಗಿಗೆ ಹೆಸರಿನ ಹೊರತಾಗಿ ಏಳು ಅಂಕಿಯ ಒಂದು ಗುರುತಿನ ಸಂಖ್ಯೆ ಇರುತ್ತದೆ. ಹುಟ್ಟುವಾಗ ಕೊಟ್ಟದ್ದು. ಮಾಲೀಕ, ಹೆಸರು, ಬಾವುಟ ಏನೇ ಬದಲಾದರೂ ಗುಜರಿಗೆ ಹೋಗುವವರೆಗೆ ಅದೇ. ಹೊರಗೆ ಬರೆದ ಸಂಖ್ಯೆಯನ್ನು ಹಡಗು ಹತ್ತಿದವರು ನಂಬಲಿಲ್ಲವಂತೆ, ಬಣ್ಣದಲ್ಲಿ ಯಾರು ಬೇಕಾದರೂ ಬರೆಯಬಹುದು ಎಂದರಂತೆ. ಇದೇ ಸಂಖ್ಯೆಯನ್ನು ಎಂಜಿನ್ ಕೋಣೆಯೊಳಗೆ ಉಕ್ಕಿನ ಗೋಡೆಯಲ್ಲಿ ಕೊರೆದಿರುತ್ತಾರೆ. ಹಳೆಯ ನಕ್ಷೆ ತೋರಿಸಿದ ಜಾಗದಲ್ಲಿ ಹುಡುಕಿದರೆ ಏನೂ ಸಿಕ್ಕಿರಲಿಲ್ಲ, ಬರೀ ಹಸಿರು ಬಣ್ಣದ ಪದರ. ಹಡಗಿನವರೆಲ್ಲ ಹೊಸಬರು, ಯಾರಿಗೂ ಗೊತ್ತಿಲ್ಲ. “ನಿಮಗೆ ಗೊತ್ತೇ?” ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಒಂಬತ್ತು ತಿಂಗಳು ಆ ಹಡಗಿನಲ್ಲಿದ್ದೆ, ಅದರ ಜಾತಕದ ಸಂಖ್ಯೆ ಎಲ್ಲಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಯಿತು.

ಅಕ್ಕಿಆಲೂರು ದಾಟಿ, ಚಿಕ್ಕೇರೂರಿನಿಂದ ಒಳದಾರಿ ಹಿಡಿದು ಊರು ಮುಟ್ಟಿದಾಗ ಹನ್ನೊಂದಾಗಿತ್ತು. ಬೋಸನ್ ಹೆಂಡತಿ ಬಾಗಿಲಲ್ಲೇ ನನ್ನ ಮುಖ ನೋಡಿ, “ಬರ್ರಿ ಸಾಹೇಬ್ರ, ಕುಂದರ್ರಿ. ಅವ್ರು ಕೆರಿಗೆ ಹೋರಿ ಮೈ ತೊಳ್ಯಾಕ ಹೋಗ್ಯಾರ್ರಿ. ಯಾಕ, ಏನರ ಆಗೇತೇನ್ರಿ?” ಎಂದರು. ಖಾರದ ಪೊಟ್ಟಣ ಅವರ ಕೈಗೆ ಕೊಟ್ಟು, ಟ್ರಂಕಿನ ಫೋನನ್ನು ಚಾರ್ಜಿಗೆ ಹಾಕಲು ಹೇಳಿ ಕೆರೆಗೆ ಓಡಿದೆ.

ದೀಪಾವಳಿಗೆ ನಮ್ಮ ಕಡೆ ಹೋರಿ ಓಡಿಸುವ ಹಬ್ಬ. ಬೋಸನ್ ಸೊಂಟದವರೆಗೆ ನೀರಿನಲ್ಲಿ ನಿಂತು ಹೋರಿಯ ಬೆನ್ನು ತಿಕ್ಕುತ್ತಿದ್ದರು. ಹಡಗಿನಲ್ಲಿ ಅವರು ನನಗೆ ಬೋಸನ್, ಊರಿನಲ್ಲಿ ಕಾಕಾ. ನನಗಿಂತ ಹದಿನೈದು ವರ್ಷ ದೊಡ್ಡವರು. ಫೋಟೋ ತೋರಿಸಿದೆ. ಒದ್ದೆ ಕೈಯನ್ನು ಲುಂಗಿಗೆ ಒರೆಸಿ ಫೋನು ದೂರ ಹಿಡಿದು ನೋಡಿದರು.

“ಹೌದಲ್ರಿ, ಇದು ನಾ ಬಿಟ್ಟ ಅಕ್ಷರನ,” ಅಂದರು. “ಎಷ್ಟ ಚಲೋ ಕಾಣಾಕತ್ತಾವ ನೋಡ್ರಿ ಬಿಸಲಾಗ.”

“ಚಲೋ ಕಂಡದ್ದಕ್ಕ ಹಡಗ ಹಿಡದಾರ, ಕಾಕಾ.”

ಎಲ್ಲ ಹೇಳಿದೆ. ಅವರ ಮುಖದಿಂದ ಕೌತುಕ ಇಳಿದುಹೋಯಿತು. ಹೋರಿಯ ಹಗ್ಗ ಬಿಗಿಯಾಗಿ ಹಿಡಿದುಕೊಂಡರು. “ನನ್ನ ಪೂಜಿಯಿಂದ ಆತೇನ್ರಿ?” ಎಂದು ಕೇಳಿದರು. ನಾನು ಎಂಜಿನ್ ಕೋಣೆಯ ಸಂಖ್ಯೆಯ ಬಗ್ಗೆ ಕೇಳಿದೆ. ಕೇಳಬೇಕೆಂದು ಕೇಳಿದ್ದೇ ಹೊರತು ಉತ್ತರದ ಆಸೆ ಇರಲಿಲ್ಲ.

“ಗೊತ್ತೈತಲ್ರಿ,” ಅಂದರು ಅವರು, ಊರಿನ ಬಾವಿ ಎಲ್ಲಿದೆ ಎಂದು ಹೇಳುವಷ್ಟು ಸಲೀಸಾಗಿ. “ಎಣ್ಣಿ ಡ್ರಮ್ ಇಡತಾರಲ್ರಿ, ಅದರ ಹಿಂದ. ನಕ್ಷೆದಾಗ ಎಡಕ್ಕ ಅಂತ ಹಾಕ್ಯಾರ, ಅದು ಇರೂದು ಬಲಕ್ಕ. ನವಮಿ ದಿನ ನಾ ಅದಕ್ಕ ವಿಭೂತಿ ಹಚ್ಚೇನಿ.”

“ನಂಬರಿಗ್ಯಾಕ ವಿಭೂತಿ?”

ಬೋಸನ್ ಹೋರಿಯ ತುಟಿ ಎತ್ತಿ ಹಲ್ಲು ತೋರಿಸಿದರು. ಅವರದು ಮೂರು ತಲೆಮಾರು ಎತ್ತಿನ ವ್ಯಾಪಾರ ಮಾಡಿದ ಮನೆ. “ಹೆಸರು ಅನ್ನೂದು ಕೊಂಬಿಗೆ ಬಳದ ಬಣ್ಣ ಇದ್ದಂಗ್ರಿ ಸಾಹೇಬ್ರ. ವರ್ಷಾ ಬ್ಯಾರೆ ಬಳೀತಾರ. ಎತ್ತು ತಗೊಳ್ಳಾಂವ ಕೊಂಬು ನೋಡೂದಿಲ್ಲ, ಹಲ್ಲು ನೋಡತಾನ. ಹಡಗ ಹತ್ತಿದ ದಿನಾನ ನಾ ಅದರ ಹಲ್ಲು ಎಲ್ಲೈತಿ ಅಂತ ಹುಡುಕತೇನಿ. ಇಪ್ಪತ್ತೈದು ವರ್ಷದಿಂದ ಹಂಗ. ಈ ಸಲ ಹಡಗಿನ ಅಡಗಿಯಾಂವ ನನ್ನ ಫೋನಿನಾಗ ವೀಡಿಯೋನೂ ಮಾಡ್ಯಾನ.”

ಹೋರಿಯನ್ನು ಎಳೆದುಕೊಂಡು ಇಬ್ಬರೂ ಮನೆಗೆ ಓಡಿದೆವು. ಹಬ್ಬಕ್ಕೆ ತಯಾರಾಗುತ್ತಿದ್ದ ಹೋರಿ ನಮಗಿಂತ ಮುಂದೆ ಓಡಿತು, ಅದು ಬೇರೆ ಮಾತು.

ವೀಡಿಯೋ ನಾಲ್ಕು ನಿಮಿಷದ್ದು, ಎಲ್ಲೂ ನಿಲ್ಲಿಸದೆ ತೆಗೆದದ್ದು. ಮೊದಲು ಡೆಕ್ಕಿನ ಮೇಲೆ ಸಾಲಾಗಿ ಗ್ರೈಂಡರ್, ಹಗ್ಗ, ಹಲಗೆ. ಬೋಸನ್ ಡೆಕ್ಕಿನ ಅಂಚಿನ ಕಂಬಿಯಾಚೆ ಹೂವಿನ ಸರ ಇಳಿಬಿಡುತ್ತಾರೆ, ಕ್ಯಾಮೆರಾ ಬಗ್ಗುತ್ತದೆ. ಕೆಳಗೆ ಮನೆತನದ ಶಬ್ದ ತಲೆಕೆಳಗಾಗಿ ಕಾಣುತ್ತದೆ, ಪಕ್ಕದಲ್ಲಿ ಉಜ್ಜಿದ ಉಕ್ಕು ಹೊಸದಾಗಿ ಹೊಳೆಯುತ್ತದೆ. ಆಮೇಲೆ ಆರತಿ ಹಿಡಿದು ಮೆಟ್ಟಿಲಿಳಿದು ಎಂಜಿನ್ ಕೋಣೆ. ಡ್ರಮ್ಮಿನ ಹಿಂದೆ ಬೋಸನ್ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾರೆ. ಹಸಿರು ಬಣ್ಣದಲ್ಲಿ ಮುಚ್ಚಿಹೋಗಿದ್ದ ಗೀರುಗಳಲ್ಲಿ ಬೂದಿ ಕೂತು, ಏಳು ಅಂಕಿಗಳು ಒಂದೊಂದಾಗಿ ಬೆಳ್ಳಗೆ ಮೇಲೆದ್ದು ಬರುತ್ತವೆ. ಅದನ್ನು ನೋಡಿ ನಾನು ಮಗುವಿನ ಹಾಗೆ “ಅಯ್ಯೋ!” ಎಂದೆ. ಮತ್ತೆ ಎರಡು ಸಲ ಹಾಕಿಸಿಕೊಂಡು ನೋಡಿದೆ.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ವೀಡಿಯೋದ ದಿನಾಂಕ ನವಮಿಯದು. ನನ್ನ ಪ್ರಮಾಣಪತ್ರದ ದಿನಾಂಕವೂ ನವಮಿಯದೇ. ‘ಪೂರ್ತಿ ತೆಗೆಯಲಾಗಿದೆ’ ಎಂದು ನಾನು ಸಹಿ ಹಾಕಿದ ದಿನ ಅಕ್ಷರಗಳು ಹೂವಿನ ಸರ ಹಾಕಿಕೊಂಡು ನಿಂತಿದ್ದವು.

ಬೋಸನ್‌ಗೂ ಅದು ಅರ್ಥವಾಯಿತು. ಹೆಂಡತಿ ಒಳಗೆ ಹೋಗುವುದನ್ನು ಕಾಯ್ದು ಮೆಲ್ಲಗೆ ಕೇಳಿದರು: “ಮುಂದಿಂದು ತುಂಡ ಮಾಡಿ, ಎಂಜಿನ್ ರೂಮಿಂದ ಅಷ್ಟ ಕಳಸೂಣೇನ್ರಿ? ನೀವು ಕ್ಯಾಪ್ಟನ್ ಆಗಾವ್ರು.”

ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಮನೆಯ ಕಟ್ಟೆಯ ಮೇಲೆ ಹತ್ತು ನಿಮಿಷ ಕೂತೆ. ಅವರು ಸವಣೂರಿನ ಎಲೆಗೆ ಸುಣ್ಣ ಹಚ್ಚಿ ಕೊಟ್ಟರು, ಬಾಯಿಗೆ ಹಾಕಿಕೊಳ್ಳಲು ಮರೆತು ಹಿಡಿದುಕೊಂಡೇ ಇದ್ದೆ. ಬರೀ ಜಾಗ ಹೇಳಿದರೆ, ಸುಳ್ಳು ಕಾಗದ ಮಾಡಿದವರು ಸಂಖ್ಯೆಯನ್ನೂ ಆಮೇಲೆ ಕೊರೆದಿರಬಹುದು ಎನ್ನುತ್ತಾರೆ. ಎಂಜಿನ್ ಕೋಣೆಯ ತುಂಡನ್ನಷ್ಟೇ ಕಳಿಸಬಹುದು. ಆದರೆ ಅದನ್ನು ಯಾವ ಹಡಗಿನಲ್ಲಿ ತೆಗೆದದ್ದು ಎಂದು ಅವರು ಕೇಳುತ್ತಾರೆ. ಅರ್ಧ ಹೆಸರಿನ ಹಿಂಬದಿಯೂ ಒಳಗಿನ ಸಂಖ್ಯೆಯೂ ಒಂದೇ ಹಡಗಿನವು ಎಂದು ತೋರಿಸುವುದು ನಡುವೆ ಕತ್ತರಿಸದ ಆ ನಾಲ್ಕು ನಿಮಿಷ ಮಾತ್ರ. ಅದರ ಜೊತೆಗೆ ಪ್ರಮಾಣಪತ್ರ ತಪ್ಪು ಎಂದು ಬರೆದವನೇ ಒಪ್ಪಿಕೊಳ್ಳಬೇಕು. ಅವರನ್ನು ಅನುಮಾನಕ್ಕೆ ಹಚ್ಚಿದ್ದು ಅಕ್ಷರಕ್ಕಿಂತ ನನ್ನ ಸಹಿಯೇ. ಉಬ್ಬು ಅಕ್ಷರ ಉಳಿದಿದೆ ಎಂದು ನವಮಿಯ ದಿನವೇ ಬರೆದಿದ್ದರೆ, ಕಾಗದವೂ ಹಡಗೂ ಒಂದೇ ಮಾತಾಡುತ್ತಿದ್ದವು, ಯಾರೂ ಅದನ್ನು ಬೇರೆ ಹಡಗೆಂದು ತಿಳಿಯುತ್ತಿರಲಿಲ್ಲ.

“ಇಡೀದು ಕಳಸೂಣು ಕಾಕಾ,” ಎಂದೆ. “ಕೆಲಸ ನಿಲ್ಲಸಾಕ ಹೂಂ ಅಂದಾಂವ ನಾನು. ಹಂಗ ಬರೀತೇನಿ.”

ಊರಿನಲ್ಲಿ ನೆಟ್‌ವರ್ಕ್ ತೆವಳುತ್ತಿತ್ತು. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ವೀಡಿಯೋ ಕುಗ್ಗುತ್ತದೆ, ತೆಗೆದ ದಿನ ಮತ್ತು ಜಾಗದ ಗುರುತು ಅಳಿಸಿಹೋಗುತ್ತದೆ. ಮೂಲ ಫೈಲೇ ಹೋಗಬೇಕು. ನೋಟರಿಯ ಮುದ್ರೆ ಬಿದ್ದ ಹೇಳಿಕೆಯೂ ಬೇಕು ಎಂದು ಮುಂಬಯಿಯವರು ಹೇಳಿದರು. ಇಬ್ಬರೂ ಹಿರೇಕೆರೂರಿಗೆ ಹೊರಟೆವು.

ಅಲ್ಲಿ ಊಟಕ್ಕೆ ಹೋದ ನೋಟರಿ ವಕೀಲರು ಇನ್ನೂ ಬಂದಿರಲಿಲ್ಲ. ಅವರ ಟೈಪಿಸ್ಟ್ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಹಿರಿಯರು. ಜೀವಮಾನವಿಡೀ ಹೊಲಮನೆಯ ಪತ್ರ ಹೊಡೆದವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಇಂಗ್ಲಿಷಿನಲ್ಲಿ ಹೊಡೆಯಲು ಬೆರಳು ಕೀಲಿಯ ಮೇಲಿಟ್ಟು, “ಚಕ್ಕುಬಂದಿ ಹೇಳ್ರಿ,” ಅಂದರು.

“ಹಡಗಿಗೆ ಚಕ್ಕುಬಂದಿ ಎಲ್ಲೀದ್ರಿ?”

“ಸ್ವತ್ತು ಅಂದಮ್ಯಾಲ ನಾಕೂ ದಿಕ್ಕ ಬರೀಬೇಕ್ರಿ. ಪೂರ್ವಕ್ಕ ಯಾರದು?”

“ನೀರಂತ ಬರೀರಿ,” ಎಂದರು ಬೋಸನ್. “ಪೂರ್ವಕ್ಕ ನೀರು, ಪಶ್ಚಿಮಕ್ಕ ನೀರು, ದಕ್ಷಿಣಕ್ಕ ನೀರು, ಉತ್ತರಕ್ಕ ತೋಪು ಹಿಡಕೊಂಡು ನಿಂತ ಇನ್ನೊಂದು ಹಡಗು.”

ಟೈಪಿಸ್ಟ್ ನಗಲಿಲ್ಲ. ಹಡಗು ನಿಂತ ಅಕ್ಷಾಂಶ, ರೇಖಾಂಶ ಕೊಟ್ಟೆ. ಅವರಿಗೆ ಸಮಾಧಾನವಾಗಲಿಲ್ಲ. “ಸರ್ವೆ ನಂಬರರ ಐತೇನ್ರಿ?” ಎಂದರು. ನಾನು ಏಳು ಅಂಕಿ ಹೇಳಿದೆ. ಟೈಪ್ ಮಾಡಿ, ತಿರುಗಿ ಓದಿ, “ಮಾಲಕ ಬದಲಾದ್ರೂ ಇದು ಬದಲಾಗೂದಿಲ್ಲ?” ಎಂದು ಕೇಳಿದರು. ಇಲ್ಲ ಎಂದೆ. “ಮತ್ತ ಇಷ್ಟೊತ್ತು ಹೆಸರ್ಯಾಕ ಹೇಳಾಕತ್ತಿದ್ರಿ? ಇದನ್ನ ಮೊದಲ ಹೇಳಬೇಕಿಲ್ಲ!” ಎಂದು ನನ್ನನ್ನೇ ಗದರಿದರು. ಮುಂದಿನ ಸಾಲು ನಾನೇ ಹೇಳಿ ಬರೆಸಿದೆ: ‘ನಾನು ಸಹಿ ಮಾಡಿದ ಪ್ರಮಾಣಪತ್ರದ ಹೇಳಿಕೆ ನಿಜವಲ್ಲ.’ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ವಿಚಾರ ಮಾಡೀರೇನ್ರಿ?” ಅಂದರು. ಮಾಡೇನಿ ಅಂದೆ.

ವಕೀಲರು ಬಂದು ಮುದ್ರೆ ಹಾಕಿದಾಗ ಮೂರೂವರೆ. ಫೈಲು ಪೂರ್ತಿ ಹೋಗುವಾಗ ನಾಲ್ಕಕ್ಕೆ ಐದು ನಿಮಿಷ ಕಮ್ಮಿ. ಆಮೇಲೆ ಬಸ್ ನಿಲ್ದಾಣದ ಎದುರಿನ ಚಹದಂಗಡಿಯಲ್ಲಿ ಕೂತೆವು. ಬೋಸನ್ ನಾಲ್ಕು ಚಹಾ ಕುಡಿದರು. ಆ ಇಪ್ಪತ್ತೊಂದು ಜನರಲ್ಲಿ ನನಗೆ ಮುಖ ಪರಿಚಯ ಇದ್ದದ್ದು ನನ್ನ ಜಾಗಕ್ಕೆ ಬಂದವನದು ಮಾತ್ರ. ಏಣಿಯ ಹತ್ತಿರ ಕೈಕುಲುಕಿ, ‘ಏನೂ ಬಾಕಿ ಇಲ್ಲವಲ್ಲ?’ ಎಂದು ಕೇಳಿದ್ದ. ಇಲ್ಲ ಎಂದಿದ್ದೆ. ಅವನ ಆ ಮುಖವೇ ಕಣ್ಣೆದುರು ಬರುತ್ತಿತ್ತು.

ಐದಕ್ಕೆ ಹತ್ತು ನಿಮಿಷ ಇರುವಾಗ ಫೋನು ಬಂತು. ಹಡಗನ್ನು ಬಿಟ್ಟುಕೊಟ್ಟಿದ್ದರು. ಡ್ರಮ್ಮು ಸರಿಸಿ ನೋಡಿದರೆ ಬೋಸನ್ ಹಚ್ಚಿದ ವಿಭೂತಿ ಎಣ್ಣೆಯ ಜಿಡ್ಡಿನಲ್ಲಿ ಅಂಟಿಕೊಂಡು ಇನ್ನೂ ಇತ್ತಂತೆ, ಒಣಗಿದ ಒಂದು ಹೂವೂ ಕೆಳಗೆ ಬಿದ್ದಿತ್ತಂತೆ. ಅವರ ಅಧಿಕಾರಿ ವೀಡಿಯೋವನ್ನೂ ಗೋಡೆಯನ್ನೂ ಪಕ್ಕಪಕ್ಕ ಹಿಡಿದು ನೋಡಿ, ನನ್ನ ಹೇಳಿಕೆಯನ್ನು ಎರಡು ಸಲ ಓದಿದನಂತೆ. ‘ಕಾಗದ ತಪ್ಪು, ಹಡಗು ಸರಿ’ ಎಂದು ಹೇಳಿ ಇಳಿದುಹೋದನಂತೆ. ನನಗೆ ಅಳು ಬಂತು. ಬೋಸನ್ ಅತ್ತ ನೋಡುತ್ತ ಐದನೆಯ ಚಹಾಕ್ಕೆ ಹೇಳಿದರು.

ಕಂಪನಿಯ ಪತ್ರ ವಾರದೊಳಗೆ ಬಂತು. ಕೆಲಸ ಉಳಿಯಿತು, ಕ್ಯಾಪ್ಟನ್ ಆಗುವವರ ಪಟ್ಟಿಯಿಂದ ನನ್ನ ಹೆಸರು ಹೋಯಿತು. ಬೋಸನ್ ಬಗ್ಗೆ ಯಾರೂ ಏನೂ ಕೇಳಲಿಲ್ಲ. ನಾನು ಶಿಗ್ಗಾಂವದಲ್ಲಿ ಸುದ್ದಿ ಹೇಳಿದ ಮನೆಗಳಿಗೆಲ್ಲ ಮತ್ತೆ ಹೋಗಿ ಹೇಳಿದೆ. ಅದು ಸಹಿ ಮಾಡಿದ್ದಕ್ಕಿಂತ ಕಷ್ಟವಾಯಿತು.

ಸಂಕ್ರಾಂತಿ ಕಳೆದ ಮೇಲೆ ಅದೇ ಹಡಗಿಗೆ ಅದೇ ಹುದ್ದೆಯಲ್ಲಿ ಹತ್ತಿದೆ. ಬೋಸನ್ ಕೂಡ ಬಂದರು. ಮೊದಲ ಲಂಗರಿನಲ್ಲಿ ಸಮುದ್ರ ಹಾಸಿಗೆಯ ಹಾಗೆ ಮಲಗಿತ್ತು. ಹಿಂಬದಿಗೆ ಹಲಗೆ ಇಳಿಬಿಟ್ಟೆವು. ಚೀಫ್ ಆಫೀಸರ್ ಹಲಗೆಯ ಮೇಲೆ ಇಳಿಯುವ ಪದ್ಧತಿ ಇಲ್ಲ, ಆದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವರ ಪಕ್ಕದಲ್ಲಿ ಇಳಿದೆ. ಮನೆತನದ ಶಬ್ದ ಕಿಡಿಯಾಗಿ ನೀರಿಗೆ ಬಿತ್ತು, ಒಂದೊಂದೇ ಅಕ್ಷರ. ಮಧ್ಯಾಹ್ನಕ್ಕೆ ಬೋಸನ್ ಗ್ರೈಂಡರ್ ಆರಿಸಿ ಬೆವರು ಒರೆಸಿಕೊಂಡರು.

“ಆತ್ರಿ. ಇನ್ನ ಬರೀರಿ ಸಾಹೇಬ್ರ.”

ನಾನು ಕೈಗವಸು ತೆಗೆದು ಉಕ್ಕಿನ ಮೇಲೆ ಅಂಗೈ ಆಡಿಸಿದೆ. ಇನ್ನೂ ಬಿಸಿಯಿತ್ತು. ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸವರುತ್ತ ಹೋದೆ. ಮೊದಲ ಅಕ್ಷರವಿದ್ದ ಮೂಲೆಯಲ್ಲಿ ಬೆರಳಿಗೆ ಏನೋ ಚುರುಕೆಂದು ತಾಗಿತು.

“ಇಲ್ಲೊಂದ ಚೂರ ಉಳದೈತಿ, ಕಾಕಾ.”

ಅವರು ಬಗ್ಗಿ ನೋಡಿ ಮತ್ತೆ ಗ್ರೈಂಡರ್ ಚಾಲೂ ಮಾಡಿದರು. ಪ್ರಮಾಣಪತ್ರವನ್ನು ನಾನು ಬರೆದದ್ದು ಮರುದಿನ, ಓರೆ ಬಿಸಿಲು ಬಿದ್ದಾಗ ದೋಣಿಯಲ್ಲಿ ಹೋಗಿ ಇನ್ನೊಮ್ಮೆ ನೋಡಿ ಬಂದ ಮೇಲೆ.